ಸೋಮವಾರ ಒಂದು ಗಂಟೆಯ ಪ್ರಾರ್ಥನೆ

ದೊಡ್ಡಬಳ್ಳಾಪುರ
24 ಜೂನ್ 2025

ಪ್ರೀತಿಯ ಅಯ್ಯನವರಿಗೆ ನಿಮ್ಮ ಸುನಿಲ್‌ಕುಮಾರನ ವಂದನೆಗಳು.

ನಿಮ್ಮ ಕಿವಿಯ ಮಷೀನು ಮತ್ತೆ ಕೈಕೊಟ್ಟಿದೆ ಎಂದು ಕವಿತಕ್ಕ ತಿಳಿಸಿದರು. ಹೋದ ವಾರ ನಾನು ಫೋನಿನಲ್ಲಿ ಕೂಗಿಕೊಂಡದ್ದು ಇಲ್ಲಿ ಇಡೀ ಬೀದಿಗೆ ಕೇಳಿಸಿತು, ಹಾಸನದಲ್ಲಿ ಮಗಳ ಮನೆಯಲ್ಲಿ ಕೂತ ನಿಮಗೊಬ್ಬರಿಗೆ ಕೇಳಿಸಲಿಲ್ಲ. ಹಾಗಾಗಿ ಇನ್ನು ಮುಂದೆ ಕಾಗದವೇ ಗತಿ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಕಾಗದಕ್ಕೆ ನೀಲಿ ಟಿಕ್ ಬೀಳುವುದಿಲ್ಲ.

ಈ ಸಭೆಗೆ ಪಾದ್ರಿಯಾಗಿ ಬಂದು ಮುಂದಿನ ತಿಂಗಳಿಗೆ ಎರಡು ವರ್ಷ. ನೂರಹತ್ತು ಕುಟುಂಬ, ಆರು ವಾಟ್ಸಾಪ್ ಗುಂಪು. ಪಾದ್ರಿ ಮನೆಯ ಗೋಡೆಗೆ ಅಂಟಿಕೊಂಡೇ ವೆಂಕಟರಮಣಪ್ಪನವರ ಮಗ್ಗದ ಶೆಡ್ಡಿದೆ. ಹದಿನಾರು ಪವರ್‌ಲೂಮುಗಳು ಬೆಳಗ್ಗೆ ಶುರುವಾದರೆ ಸ್ಟೀಲ್ ಡಬ್ಬಿಗೆ ಕಲ್ಲು ಹಾಕಿ ಕುಲುಕಿದಂತೆ ಒಂದೇ ಸಮ ಸದ್ದು. ಭಾನುವಾರ ಮಾತ್ರ ಶೆಡ್ಡಿಗೆ ರಜೆ. ಆವತ್ತು ನಮ್ಮ ಮನೆಯಲ್ಲಿ ನಮ್ಮ ದನಿ ನಮಗೇ ಕೇಳಿಸಿ ಗಾಬರಿಯಾಗುತ್ತದೆ. ನಮ್ಮ ಸಭೆಯ ಗೋಪಾಲಪ್ಪನವರು ಆ ಶೆಡ್ಡಿನಲ್ಲೇ ಮಗ್ಗ ಓಡಿಸುತ್ತಾರೆ. ಅವರ ಹೆಂಡತಿ ಸೊಣ್ಣಮ್ಮನಿಗೆ ಹೃದಯದ ಕಾಯಿಲೆ. ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ. ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ.

ನಿಮ್ಮ ಕೈಕೆಳಗೆ ಕಲಿತ ನನ್ನನ್ನು ಇಲ್ಲಿಗೆ ಕಳಿಸುವಾಗ ನೀವು ಹೇಳಿದ ಮಾತು ಪಾಲಿಸುತ್ತಿದ್ದೇನೆ. "ವಾರಕ್ಕೊಂದು ದಿನ ಸಭೆಯ ಪಾಲಿಗೆ ಸತ್ತುಹೋಗು, ಇಲ್ಲದಿದ್ದರೆ ಉಳಿದ ಆರು ದಿನ ಅರ್ಧ ಸತ್ತಿರುತ್ತೀಯ" ಎಂದಿದ್ದಿರಿ. ಸೋಮವಾರ ನೀವು ಸೊಸೆ ಎಂದೇ ಕರೆಯುವ ನನ್ನ ಸಂಘಮಿತ್ರ ಸ್ಕೂಲಿಗೆ ಹೊರಟ ಮೇಲೆ ನಾನು ಫೋನ್ ಆಫ್ ಮಾಡಿ ಒಬ್ಬನೇ ಊರ ಹೊರಗೆ ಹೋಗುತ್ತೇನೆ. ಸಂಜೆ ಹೊಸ ಮನುಷ್ಯನಾಗಿ ಬರುತ್ತೇನೆ. ಹಾಗೆಂದು ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ರೋಗಿಗಳಿಗಾಗಿ ಗುಂಪಿಗೆ ಕಳಿಸುವ ಧ್ವನಿ ಪ್ರಾರ್ಥನೆ ಒಂದು ವಾರವೂ ತಪ್ಪಿಲ್ಲ.

ನಿಮ್ಮ
ಸುನಿಲ್


ಹಾಸನ
1 ಜುಲೈ 2025

ಸುನಿಲ,

ಕಾಗದ ಬಂತು. ಅಕ್ಷರ ಕಾಗೆಕಾಲು ಗುಬ್ಬಿಕಾಲು. ಆ ಗಾಜಿನ ಮೇಲೆ ಬೆರಳು ಉಜ್ಜಿ ಉಜ್ಜಿ ಕೈ ಕೆಟ್ಟಿದೆ ನಿನಗೆ.

ಊರ ಹೊರಗೆ ಅಂದರೆ ಮಾಕಳಿದುರ್ಗ ತಾನೆ? ನೀನು ಬರೆಯದಿದ್ದರೂ ನನಗೆ ಗೊತ್ತಾಯಿತು. ಒಳ್ಳೆಯ ಜಾಗ. ನಾನೂ ಒಮ್ಮೆ ಆ ಬೆಟ್ಟದ ಮೇಲೆ ಇಡೀ ದಿನ ಉಪವಾಸ ಕೂತಿದ್ದೆ. ಆದರೆ ಸತ್ತವನು ಒಂದು ಗಂಟೆಗೆ ಎದ್ದು ಪ್ರಾರ್ಥನೆ ಕಳಿಸುವುದು ಯಾವ ರೀತಿಯ ಸಾವು ಮಾರಾಯ? ಬೆಟ್ಟದ ಮೇಲೂ ಸಿಗ್ನಲ್ ಸಿಗುತ್ತದೆಯೇ? ಇರಲಿ, ನೀನು ಮೊದಲಿಂದಲೂ ಅತಿ ಶ್ರದ್ಧೆಯವನು.

ನಾನು ಇಲ್ಲಿ ಮಧ್ಯಾಹ್ನವೆಲ್ಲ ಟಿವಿಯಲ್ಲಿ ಸಿನಿಮಾ ನೋಡುತ್ತೇನೆ. ಮೂವತ್ತೆಂಟು ವರ್ಷ ಪಾದ್ರಿಯಾಗಿದ್ದಾಗ ಥಿಯೇಟರಿನ ಮುಂದೆ ನಡೆದುಹೋಗುವಾಗ ಪೋಸ್ಟರ್ ನೋಡಬಾರದೆಂದು ಮುಖ ತಿರುಗಿಸುತ್ತಿದ್ದೆ. ಈಗ ಕಿವುಡಾದ ಮೇಲೆ ನೋಡಲು ಶುರುಮಾಡಿದ್ದೇನೆ. ಎಲ್ಲರೂ ಬಾಯಿ ಆಡಿಸುತ್ತಾರೆ, ಯಾಕೆ ಅಳುತ್ತಾರೆಂದು ನಾನೇ ಕಥೆ ಕಟ್ಟಿಕೊಳ್ಳುತ್ತೇನೆ. ಕವಿತ ನಗುತ್ತಾಳೆ. ಇದನ್ನು ನಿನ್ನ ಸಭೆಯವರಿಗೆ ಹೇಳಬೇಡ.

ಸೊಣ್ಣಮ್ಮನಿಗಾಗಿ ಪ್ರಾರ್ಥಿಸುತ್ತಿದ್ದೇನೆ.

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
10 ಜುಲೈ 2025

ಪ್ರೀತಿಯ ಅಯ್ಯನವರಿಗೆ,

ಸೊಣ್ಣಮ್ಮ ಹೋಗಿಬಿಟ್ಟರು. ಸೋಮವಾರ ಮಧ್ಯಾಹ್ನ. ಮಂಗಳವಾರ ಮಣ್ಣು ಮಾಡಿದೆವು.

ನಾನು ಹೊರಗಿದ್ದೆ. ಬಂದಾಗ ಸಂಜೆ ಐದು. ಗೋಪಾಲಪ್ಪನವರು ನನ್ನ ಕೈ ಹಿಡಿದುಕೊಂಡು ಎಲ್ಲರ ಮುಂದೆ ಹೇಳಿದರು: "ಒಂದು ಗಂಟೆಗೆ ನಿಮ್ಮ ಪ್ರಾರ್ಥನೆ ಬಂತು ಅಯ್ಯನೋರೆ. ಫೋನ್ ಅವಳ ಕಿವಿಗೇ ಇಟ್ಟೆ. ನಿಮ್ಮ ಪ್ರಾರ್ಥನೆ ಮುಗಿಯೋಕೂ ಅವಳ ಉಸ್ರು ನಿಲ್ಲೋಕೂ ಸರಿಹೋಯ್ತು." ಮನೆಯಲ್ಲಿದ್ದ ಹೆಂಗಸರೆಲ್ಲ ಗಟ್ಟಿಯಾಗಿ ಅತ್ತರು. ಈಗ ಸಭೆಯಲ್ಲೆಲ್ಲ ಇದೇ ಮಾತು. ಏನೇನೋ ದೊಡ್ಡದಾಗಿ ಹೇಳುತ್ತಿದ್ದಾರೆ.

ನನಗೆ ಮೂರು ದಿನದಿಂದ ನಿದ್ದೆಯಿಲ್ಲ. ನನಗಾಗಿ ಪ್ರಾರ್ಥಿಸಿ.

ಸುನಿಲ್


ಹಾಸನ
16 ಜುಲೈ 2025

ಪ್ರೀತಿಯ ಸುನಿಲ,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಆಮೇಲೆ ಕವಿತಳಿಗೆ ಓದಿ ಹೇಳಿದೆ. ಬೆಟ್ಟದ ಮೇಲೆ ನೀನು ಮೊಣಕಾಲೂರಿದ್ದೆ, ಕೆಳಗೆ ಊರಿನಲ್ಲಿ ಅವಳ ಉಸಿರು ನಿನ್ನ ಪ್ರಾರ್ಥನೆಯ ಮೇಲೆ ಹೊರಟುಹೋಯಿತು. ಇಂಥದ್ದು ನನ್ನ ಇಡೀ ಸೇವೆಯಲ್ಲಿ ಒಮ್ಮೆಯೂ ಆಗಲಿಲ್ಲ. ನಿಜ ಹೇಳುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಿನಗೆ ನಿದ್ದೆ ಬಾರದಿರುವುದು ಸಹಜ. ದೊಡ್ಡದೊಂದು ಮುಟ್ಟಿಹೋದಾಗ ಮೈ ನಡುಗುತ್ತದೆ.

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ, ಬೈಯಬೇಡ. ಬಿಷಪ್ಪರ ಡಯಾಸಿಸ್‌ನ ಮಾಸಪತ್ರಿಕೆಗೆ ಈ ಸಂಗತಿಯನ್ನು ಒಂದು ಪುಟ ಬರೆದು ಕಳಿಸಿದೆ. 'ಬೆಟ್ಟದ ಮೇಲಿನ ಸಭಾಪಾಲಕ' ಎಂದು ಹೆಸರಿಟ್ಟಿದ್ದೇನೆ. ಈಗಿನ ಪಾದ್ರಿಗಳೆಲ್ಲ ಫೋನ್ ಹಿಡಿದು ಕೆಟ್ಟರು ಎನ್ನುವವರ ಬಾಯಿ ಮುಚ್ಚಲಿ.

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
22 ಜುಲೈ 2025

ಅಯ್ಯ,

ದಯವಿಟ್ಟು ಅದನ್ನು ವಾಪಸ್ ತರಿಸಿಕೊಳ್ಳಿ. ಇವತ್ತೇ. ಕವಿತಕ್ಕನಿಂದ ಸಂಪಾದಕರಿಗೆ ಫೋನ್ ಮಾಡಿಸಿ. ಆಮೇಲೆ ಮುಂದೆ ಓದಿ.

ನಾನು ಬೆಟ್ಟದ ಮೇಲಿರಲಿಲ್ಲ. ಮಾಕಳಿದುರ್ಗವನ್ನು ನಾನು ಕೆಳಗಿನ ರಸ್ತೆಯಿಂದ ನೋಡಿದ್ದಷ್ಟೇ. ನೀವು ಹಾಗೆಂದುಕೊಂಡಾಗ ಅಲ್ಲವೆಂದು ಬರೆಯಲಿಲ್ಲ, ಅದು ನನ್ನ ತಪ್ಪು. ನಾನು ಹೊಸಕೋಟೆಯಲ್ಲಿ ಸಿನಿಮಾ ಥಿಯೇಟರಿನಲ್ಲಿದ್ದೆ. ಪ್ರತಿ ಸೋಮವಾರ ಅಲ್ಲೇ ಇರುತ್ತೇನೆ. ನಮ್ಮೂರಿನಲ್ಲಿ ಗುರುತು ಹಿಡಿಯುತ್ತಾರೆಂದು ದೇವನಹಳ್ಳಿಯಲ್ಲಿ ಬಸ್ ಬದಲಿಸಿ ಅಷ್ಟು ದೂರ ಹೋಗುತ್ತೇನೆ.

ಆ ಪ್ರಾರ್ಥನೆಯೂ ಸೋಮವಾರದ್ದಲ್ಲ. ಕೊರೊನಾ ಕಾಲದಲ್ಲಿ ಆರಾಧನೆ ಲೈವ್ ಮಾಡಲೆಂದು ಸಭೆ ಒಂದು ಟ್ಯಾಬ್ ಕೊಂಡಿತ್ತು. ಅದರಲ್ಲಿ ಒಂದು ಆ್ಯಪ್ ಇದೆ. ಇವತ್ತು ರೆಕಾರ್ಡ್ ಮಾಡಿಟ್ಟು ನಾಳೆ ಇಷ್ಟು ಗಂಟೆಗೆ ಹೋಗು ಎಂದರೆ ಹೋಗುತ್ತದೆ. ಪ್ರತಿ ಭಾನುವಾರ ಮಧ್ಯಾಹ್ನ ರೋಗಿಗಳ ಹೆಸರು ಹೇಳಿ ಪ್ರಾರ್ಥನೆ ಮಾಡಿ ಅದರಲ್ಲಿಡುತ್ತೇನೆ. ಪ್ರಾರ್ಥನೆ ಸುಳ್ಳಲ್ಲ ಅಯ್ಯ, ಮನಸ್ಸಿಟ್ಟೇ ಮಾಡಿದ್ದೆ. 'ನಮ್ಮ ಸೊಣ್ಣಮ್ಮ ಮುಂದಿನ ಭಾನುವಾರ ಬಂದು ತನ್ನ ಜಾಗದಲ್ಲಿ ಕೂರುವಂತೆ ಮಾಡು' ಎಂದು ಕೇಳಿದ್ದೆ. ಅದು ಅವರ ಕಿವಿಗೆ ಬಿದ್ದಾಗ ನಾನು ಥಿಯೇಟರಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದೆ. ಹೌದು, ನಿದ್ದೆ. ಇಂಟರ್‌ವಲ್‌ವರೆಗೆ ನೋಡುತ್ತೇನೆ, ನನಗೆ ಸಿನಿಮಾ ಇಷ್ಟ. ಆಮೇಲೆ ಆ ಕತ್ತಲಿಗೆ, ತಂಪಿಗೆ ಕಣ್ಣು ಎಳೆದುಕೊಂಡುಹೋಗುತ್ತದೆ. ಮಗ್ಗದ ಸದ್ದಿಲ್ಲ, 'ಅಯ್ಯನೋರೆ' ಎನ್ನುವವರಿಲ್ಲ. ಎರಡು ವರ್ಷದಲ್ಲಿ ನೋಡಿದ ಯಾವ ಸಿನಿಮಾದ ಕೊನೆಯೂ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು ಬಿಟ್ಟಿದ್ದೆ. ಬೆಳಗ್ಗೆ ಹತ್ತರಿಂದ ಸೊಣ್ಣಮ್ಮ ನನ್ನನ್ನು ಕೇಳಿದರಂತೆ. "ಅಯ್ಯನೋರು ಬರ್ಲಿ, ಪ್ರಭುಭೋಜನ ತಕ್ಕೊಂಡು ಹೋಗ್ತೀನಿ" ಎಂದು ಮೂರು ಸಲ. ನನ್ನ ಕೈಯಿಂದ ಕೊನೆಯ ರೊಟ್ಟಿ, ದ್ರಾಕ್ಷಾರಸ. ಮಗಳು ವಾಣಿಶ್ರೀ ಸ್ಕೂಟರಿನಲ್ಲಿ ಬಂದರೆ ನಮ್ಮ ಮನೆಗೆ ಬೀಗ. ಫೋನ್ ಆಫ್. ಇದನ್ನು ವಾಣಿಶ್ರೀ ನನಗೆ ಹೇಳಿದ್ದು ಬೈಯುವುದಕ್ಕಲ್ಲ. "ನೀವು ಎಲ್ಲೋ ಉಪವಾಸ ಪ್ರಾರ್ಥನೆಗೆ ಹೋಗಿದ್ರಿ ಅಂತ ಆಮೇಲೆ ಗೊತ್ತಾಯ್ತು ಬಿಡಿ ಅಯ್ಯನೋರೆ" ಎಂದು ಸಮಾಧಾನ ಮಾಡಿದಳು. ನಾನು ಸುಮ್ಮನಿದ್ದೆ.

ಏನು ಮಾಡಲಿ ಹೇಳಿ.

ಸುನಿಲ್


ಹಾಸನ
29 ಜುಲೈ 2025

ಸುನಿಲ,

ಕವಿತ ಫೋನ್ ಮಾಡಿದಳು. ಪುಟ ಅಚ್ಚಿಗೆ ಹೋಗಿದೆಯಂತೆ. ಸೆಪ್ಟೆಂಬರ್ ಸಂಚಿಕೆ.

ನಿನ್ನ ಮೇಲೆ ವಿಪರೀತ ಕೋಪ ಬಂದಿತ್ತು. ಎರಡು ದಿನ ಟಿವಿ ಹಾಕಲಿಲ್ಲ. ನಾಳೆಯ ಪ್ರಾರ್ಥನೆಯನ್ನು ಇವತ್ತೇ ಮಾಡಿ ಡಬ್ಬಿಗೆ ತುಂಬಿಡುವುದಕ್ಕೆ ಅದೇನು ಉಪ್ಪಿನಕಾಯಿಯೇ? ಸಿನಿಮಾಗೆ ಹೋದದ್ದಕ್ಕೆ ನಾನು ಏನೂ ಅನ್ನಲಾರೆ, ಅನ್ನುವ ಬಾಯಿ ನನಗಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಯಾರಿಗೂ ಹೇಳಬೇಡ. ಆ ಮನುಷ್ಯ ಹೆಂಡತಿಯನ್ನು ಕಳೆದುಕೊಂಡಿದ್ದಾನೆ, ಅವನ ಕೈಯಲ್ಲಿ ಉಳಿದಿರುವುದು ಆ ಒಂದು ಗಂಟೆಯ ಪ್ರಾರ್ಥನೆ. ನಿನ್ನ ಎದೆ ಹಗುರ ಮಾಡಿಕೊಳ್ಳಲು ಅದನ್ನೂ ಕಿತ್ತುಕೊಳ್ಳುತ್ತೀಯಾ? ನಿನ್ನ ಭಾರ ನೀನು ಹೊರು. ಪಾದ್ರಿಯ ಎದೆಯಲ್ಲಿ ಇಂಥವು ಹತ್ತು ಹೂತಿರುತ್ತವೆ. ನಿನ್ನ ಜೊತೆಗೇ ಅದೂ ಮಣ್ಣಿಗೆ ಹೋಗಲಿ.

ಈ ವಿಷಯ ಮತ್ತೆ ಬರೆಯಬೇಡ.

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
20 ಆಗಸ್ಟ್ 2025

ಪ್ರೀತಿಯ ಅಯ್ಯನವರಿಗೆ,

ನೀವು ಹೇಳಿದಂತೆ ಸುಮ್ಮನಿದ್ದೇನೆ. ಮತ್ತೆ ಬರೆಯಬೇಡ ಅಂದಿರಿ, ಆದರೆ ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ಸೋಮವಾರದ ರಜೆ ಬಿಟ್ಟಿದ್ದೇನೆ. ಸಿನಿಮಾ ಬಿಟ್ಟಿದ್ದೇನೆ. ಆರು ವಾರದಿಂದ ಫೋನ್ ಆಫ್ ಮಾಡಿಯೇ ಇಲ್ಲ. ಸ್ನಾನಕ್ಕೆ ಹೋಗುವಾಗ ಬಕೆಟ್ಟಿನ ಪಕ್ಕ ಸ್ಟೂಲಿನ ಮೇಲೆ ಇಟ್ಟುಕೊಳ್ಳುತ್ತೇನೆ. ಜೇಬಿನಲ್ಲಿ ಫೋನ್ ಇಲ್ಲದಾಗಲೂ ತೊಡೆಯ ಹತ್ತಿರ ನಡುಗಿದಂತಾಗುತ್ತದೆ, ಕೈ ಹಾಕಿ ನೋಡುತ್ತೇನೆ. ಹೋದ ಭಾನುವಾರ ಪ್ರಭುಭೋಜನದ ರೊಟ್ಟಿ ಮುರಿಯಲು ಕೈಯೆತ್ತಿದವನಿಗೆ ಮುಂದಿನ ಮಾತು ಮರೆತುಹೋಯಿತು. ಹದಿನಾಲ್ಕು ವರ್ಷದಿಂದ ಹೇಳುತ್ತಿರುವ ಮಾತು ಅಯ್ಯ! ಇಡೀ ಸಭೆ ಕಾಯುತ್ತಾ ನಿಂತಿತ್ತು. ಮಹಿಳಾ ಸಂಘದ ಕಾರ್ಯದರ್ಶಿ ಪ್ರಮೋದಾ ಮುಂದಿನ ಬೆಂಚಿನಿಂದ ಮೆಲ್ಲಗೆ ಎತ್ತಿಕೊಟ್ಟರು.

ಸಂಘಮಿತ್ರ ದಿನಾ ಜಗಳವಾಡುತ್ತಾಳೆ. "ರೀ, ಒಂದಿನ ಮಲಗ್ರೀ. ಪ್ರಪಂಚದಲ್ಲಿ ನೀವೊಬ್ರೇನಾ ಪಾದ್ರಿ? ಕಣ್ಣು ನೋಡ್ಕೊಳ್ಳಿ ಕನ್ನಡೀಲಿ, ಬೆಂದ ಟೊಮೇಟೊ ಥರ ಆಗಿದೆ." ಎಲ್ಲ ಗೊತ್ತಿರುವವಳು ಅವಳೊಬ್ಬಳೇ. ನಾನು ಸಿನಿಮಾಗೆ ಹೋಗುವಾಗ ಡಬ್ಬಿಗೆ ಚಿತ್ರಾನ್ನ ಕಟ್ಟಿಕೊಡುತ್ತಿದ್ದವಳೂ ಅವಳೇ.

ಒಂದು ಗಂಟೆಯ ಪ್ರಾರ್ಥನೆಗೆ ಈಗ ಹೆಸರು ಬಂದುಬಿಟ್ಟಿದೆ. ದೊಡ್ಡಬೆಳವಂಗಲದಿಂದ, ನೆಲಮಂಗಲದಿಂದ, ನಮ್ಮ ಸಭೆಯಲ್ಲದವರೂ ಹೆಸರು ಕಳಿಸುತ್ತಾರೆ. "ಸೊಣ್ಣಮ್ಮನಿಗೆ ಮಾಡಿದ್ರಲ್ಲ, ಅಂಥದ್ದೇ ಮಾಡಿ" ಎನ್ನುತ್ತಾರೆ. ಹೋದ ಸೋಮವಾರ ನಲವತ್ತಮೂರು ಹೆಸರು. ಈಗ ಆ ಹೊತ್ತಿಗೇ ಕೂತು ಮಾಡುತ್ತೇನೆ. ಗೋಡೆಯಾಚೆ ಮಗ್ಗ, ಈಚೆ ನಾನು ಕೂಗುವುದು. ಒಂದು ಹೆಸರು ಬಿಟ್ಟುಹೋದರೆ ಆ ಮನುಷ್ಯ ಸತ್ತೇಹೋಗುತ್ತಾನೇನೋ ಎಂದು ಮೈ ಬೆವರುತ್ತದೆ.

ಗೋಪಾಲಪ್ಪನವರು ಈ ತಿಂಗಳಲ್ಲಿ ಮೂರು ಸಲ ಮನೆಗೆ ಬಂದರು. ಬಂದು ಕೂರುತ್ತಾರೆ, ಟವೆಲ್ಲಿನ ಅಂಚು ಹಿಂಡುತ್ತಾರೆ. "ಒಂದು ಮಾತು ಕೇಳ್ಬೇಕಿತ್ತು ಅಯ್ಯನೋರೆ" ಎನ್ನುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರಿಗೆ ಗೊತ್ತಾಗಿದೆ ಎಂದೇ ನನ್ನ ಎದೆ ಬಡಿದುಕೊಳ್ಳುತ್ತದೆ. ಪ್ರತಿ ಸಲವೂ ಫೋನ್ ಬರುತ್ತದೆ, ನಾನು ಅದನ್ನು ಹಿಡಿದುಕೊಂಡು ಎದ್ದುಹೋಗುತ್ತೇನೆ. ಮೂರನೆಯ ಸಲ ಫೋನ್ ಬಂದಿರಲಿಲ್ಲ. ಬಂದಂತೆ ಕಿವಿಗಿಟ್ಟುಕೊಂಡು ಎದ್ದುಹೋದೆ.

ಸುನಿಲ್


ದೊಡ್ಡಬಳ್ಳಾಪುರ
10 ಸೆಪ್ಟೆಂಬರ್ 2025

ಅಯ್ಯ,

ಮೂರು ವಾರವಾಯಿತು, ನಿಮ್ಮಿಂದ ಉತ್ತರವಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಕವಿತಕ್ಕನನ್ನು ಕೇಳಿದೆ. ಚೆನ್ನಾಗಿದ್ದಾರೆ, ಆದರೆ ಮೇಜಿನ ಮುಂದೆ ಕೂರುತ್ತಾರೆ, ಬರೆದು ಹರಿದುಹಾಕುತ್ತಾರೆ ಎಂದರು. ನಾನು ನಿಮಗೆ ಅಷ್ಟು ಬೇಸರ ತಂದೆನೇ?

ಪತ್ರಿಕೆ ಬಂದಿದೆ. ಗೋಪಾಲಪ್ಪನವರ ಮನೆಯವರು ಆ ಪುಟಕ್ಕೆ ಲ್ಯಾಮಿನೇಷನ್ ಮಾಡಿಸಿ ಸೊಣ್ಣಮ್ಮನ ಫೋಟೋ ಪಕ್ಕ ಇಟ್ಟಿದ್ದಾರೆ. ಇವತ್ತು ಗೋಪಾಲಪ್ಪನವರು ಕಮಿಟಿ ಕಾರ್ಯದರ್ಶಿಯ ಮೂಲಕ ಹೇಳಿಕಳಿಸಿದರು. ಇಪ್ಪತ್ತೆಂಟನೇ ತಾರೀಖು ಭಾನುವಾರ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುತ್ತಾರಂತೆ. ಸೊಣ್ಣಮ್ಮನ ಕೊನೆಯ ಗಳಿಗೆಯ ಬಗ್ಗೆ.

ದೇವಾಲಯದಲ್ಲಿ, ಪೀಠದ ಮುಂದೆ, ಆ ಮನುಷ್ಯ ನನ್ನ ಸುಳ್ಳನ್ನು ದೇವರಿಗೆ ಒಪ್ಪಿಸುತ್ತಾರೆ. ನಾನು ನಿಲುವಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತು ಆಮೆನ್ ಅನ್ನಬೇಕು. ನನ್ನಿಂದ ಆಗುವುದಿಲ್ಲ. ಬೇರೆ ಸಭೆಗೆ ವರ್ಗ ಕೇಳಿ ಬಿಷಪ್‌ಗೆ ಅರ್ಜಿ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಹೇಳಿದರೆ ಅವರ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ನಾನು ಹೋಗುತ್ತೇನೆ.

ಒಂದು ಸಾಲಾದರೂ ಬರೆಯಿರಿ.

ಸುನಿಲ್


ಹಾಸನ
17 ಸೆಪ್ಟೆಂಬರ್ 2025

ಮಗನೇ ಸುನಿಲ,

ಬೇಸರ ನಿನ್ನ ಮೇಲಲ್ಲ. ಇದು ಐದನೆಯ ಹಾಳೆ. ಇದನ್ನು ಹರಿಯುವುದಿಲ್ಲ.

1988ರಲ್ಲಿ ನಾನು ನೆಲಮಂಗಲದಲ್ಲಿದ್ದೆ. ಅಮ್ಮಯಮ್ಮ ಅಂತ ಒಬ್ಬ ಹೆಂಗಸು, ಗಂಡನಿಲ್ಲ, ಒಬ್ಬನೇ ಮಗ. ಅವನು ಜಗಳವಾಡಿಕೊಂಡು ಬೊಂಬಾಯಿಗೆ ಓಡಿಹೋದ. "ದಿನಾ ಬೆಳಿಗ್ಗೆ ನನ್ನ ಮಗನ ಹೆಸರು ಹೇಳಿ ಪ್ರಾರ್ಥನೆ ಮಾಡಿ ಅಯ್ಯನೋರೆ" ಎಂದು ಅತ್ತಳು. ಆಗಲಿ ತಾಯಿ ಎಂದೆ. ಅವಳು ಗೇಟು ದಾಟುವಷ್ಟರಲ್ಲಿ ಮರೆತೆ. ಒಂದು ದಿನ, ಒಂದೇ ಒಂದು ದಿನವೂ ಆ ಹೆಸರು ನನ್ನ ಬಾಯಲ್ಲಿ ಬರಲಿಲ್ಲ. ಎಂಟು ತಿಂಗಳಿಗೆ ಹುಡುಗ ತಾನಾಗಿ ಬಂದ. ಅವಳು ಸಭೆಯ ಮುಂದೆ ಎದ್ದು ನಿಂತು, "ಅಯ್ಯನೋರು ದಿನಾ ಬೇಡ್ಕೊಂಡಿದ್ದಕ್ಕೆ ನನ್ನ ಮಗ ಬಂದ" ಎಂದಳು. ನಾನು ಪೀಠದ ಹತ್ತಿರ ನಿಂತು ತಲೆದೂಗಿದೆ.

ಆಮೇಲೆ ಪ್ರತಿ ವರ್ಷ ಅವರೆಕಾಯಿ ಕಾಲಕ್ಕೆ ಒಂದು ಮೂಟೆ ಅವರೆಕಾಯಿ ತಂದು ನಮ್ಮ ಜಗಲಿಯ ಮೇಲಿಡುತ್ತಿದ್ದಳು. ನನಗೆ ಬೇರೆ ಊರಿಗೆ ವರ್ಗವಾದರೂ ಬಸ್ಸಿನಲ್ಲಿ ಹೊತ್ತುಕೊಂಡು ಬರುತ್ತಿದ್ದಳು. ಹನ್ನೊಂದು ವರ್ಷ. ನೀನು ನನ್ನ ಕೈಕೆಳಗೆ ಕಲಿಯುತ್ತಿದ್ದಾಗ ನಮ್ಮ ಮನೆಯಲ್ಲಿ ಅವರೆಕಾಳಿನ ಸಾರು ಮಾಡಿದ ದಿನ ನಾನು ಹೊಟ್ಟೆನೋವೆಂದು ಎದ್ದುಹೋಗುತ್ತಿದ್ದೆನಲ್ಲ, ನೀನು ನನ್ನ ಪಾಲನ್ನೂ ತಿನ್ನುತ್ತಿದ್ದೆಯಲ್ಲ, ಅದಕ್ಕೆ ಕಾರಣ ಹೊಟ್ಟೆಯಲ್ಲ. ಪ್ರತಿ ವರ್ಷ ಹೇಳಬೇಕೆಂದುಕೊಳ್ಳುತ್ತಿದ್ದೆ. ಅವಳ ಸಂತೋಷ ಯಾಕೆ ಕೆಡಿಸಲಿ ಎಂದು ಬಿಡುತ್ತಿದ್ದೆ. ಸುಳ್ಳು, ನನ್ನ ಮರ್ಯಾದೆ ಯಾಕೆ ಕೆಡಿಸಿಕೊಳ್ಳಲಿ ಎಂದು ಬಿಡುತ್ತಿದ್ದೆ. ಅವಳು ಹೋದಾಗ ಮಣ್ಣು ಮಾಡಿದವನೂ ನಾನೇ.

ಜುಲೈಯಲ್ಲಿ ನಿನಗೆ ಸುಮ್ಮನಿರು ಎಂದದ್ದು ಗೋಪಾಲಪ್ಪನ ಮೇಲಿನ ಕರುಣೆಯಿಂದಲ್ಲ. ನೀನು ಹೇಳಿಬಿಟ್ಟರೆ ನಾನು ಹೇಳದೆ ಉಳಿದವನಾಗುತ್ತೇನೆ ಎಂಬ ಭಯದಿಂದ. ನನ್ನನ್ನು ಕ್ಷಮಿಸು.

ನಾನು ಹೇಳಬೇಕಾದವಳು ನೆಲಮಂಗಲದ ಮಣ್ಣಿನಲ್ಲಿದ್ದಾಳೆ. ನೀನು ಹೇಳಬೇಕಾದವನು ಗೋಡೆಯಾಚೆ ಮಗ್ಗ ಓಡಿಸುತ್ತಿದ್ದಾನೆ. ಹೋಗು. ಅವನು ಹೊಡೆದರೆ ಹೊಡೆಸಿಕೊಂಡು ಬಾ. ಪತ್ರಿಕೆಗೆ ನಾನು ಬರೆಯುತ್ತೇನೆ, ಬೆಟ್ಟ ನನ್ನ ಕಲ್ಪನೆ ಎಂದು.

ಆಶೀರ್ವಾದಪ್ಪ


ದೊಡ್ಡಬಳ್ಳಾಪುರ
28 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಯ್ಯ,

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿಗೆ ಹೋದೆ. ಫೋನನ್ನು ಸಂಘಮಿತ್ರಳ ಕೈಗೆ ಕೊಟ್ಟು ಹೋದೆ. ಗೋಪಾಲಪ್ಪನವರು ನೂಲಿನ ಮೂಟೆಗೆ ಒರಗಿ ಮುದ್ದೆ ಉಣ್ಣುತ್ತಿದ್ದರು. ಊಟ ಮುಗಿಯಲಿ ಎಂದು ಕಾಯುವ ತಾಳ್ಮೆಯೂ ನನಗಿರಲಿಲ್ಲ. ನಿಂತೇ ಎಲ್ಲ ಹೇಳಿಬಿಟ್ಟೆ. ಥಿಯೇಟರು, ನಿದ್ದೆ, ಟ್ಯಾಬು, ಎಲ್ಲ. ಸೊಣ್ಣಮ್ಮ ಮೂರು ಸಲ ಕೇಳಿದಾಗ ನಾನು ಇರಲಿಲ್ಲ, ಅದಕ್ಕೆ ಕ್ಷಮೆ ಕೇಳುತ್ತೇನೆ ಎಂದೆ.

ಅವರು ತಟ್ಟೆಯಲ್ಲೇ ಕೈ ತೊಳೆದರು. ಆಮೇಲೆ ಹೇಳಿದರು:

"ಅದು ಸೋಮವಾರದ್ದಲ್ಲ ಅಂತ ನನಗೆ ಆವತ್ತೇ ಗೊತ್ತು ಅಯ್ಯನೋರೆ. ಪ್ರಾರ್ಥನೆ ಹಿಂದೆ ನಿಮ್ಮ ಮನೆ ಗಡಿಯಾರ ಗಂಟೆ ಹೊಡೀತು, ಮಗ್ಗದ ಸದ್ದೇ ಇರ್ಲಿಲ್ಲ. ಸೋಮವಾರ ಒಂದು ಗಂಟೇಲಿ ನಿಮ್ಮ ಮನೇಲಿ ಮಗ್ಗದ ಸದ್ದಿಲ್ದೆ ಇರೋದುಂಟಾ? ಇಪ್ಪತ್ತೆರಡು ವರ್ಷದಿಂದ ನಾನೇ ಓಡಿಸೋ ಮಗ್ಗ. ಭಾನುವಾರ ಮಾಡಿಟ್ಟಿದ್ದು ಅಂತ ಕೇಳ್ತಿದ್ದಂಗೇ ಗೊತ್ತಾಯ್ತು."

ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

"ಅವಳು ಬೆಳಗಿಂದ ನಿಮ್ಮನ್ನೇ ಕೇಳ್ತಿದ್ಲು. ಕಣ್ಣು ಬಿಡೋಕೂ ಆಗ್ತಿರ್ಲಿಲ್ಲ. ಆ ಪ್ರಾರ್ಥನೆ ಬಂತಲ್ಲ, ಫೋನ್ ಕಿವಿಗಿಟ್ಟು, 'ಸೊಣ್ಣಿ, ಅಯ್ಯನೋರು ಬಂದವ್ರೆ ಕಣೇ, ಪಕ್ಕದಲ್ಲೇ ಕೂತವ್ರೆ' ಅಂದ್ಬಿಟ್ಟೆ. ಅವಳು ನಂಬಿದ್ಲು. ಕೈ ಮುಂದಕ್ಕೆ ಚಾಚಿದ್ಲು ಅಯ್ಯನೋರೆ, ಪ್ರಭುಭೋಜನಕ್ಕೆ. ನಲವತ್ತು ವರ್ಷ ಸಂಸಾರ ಮಾಡಿ ಕೊನೇ ಮಾತು ಸುಳ್ಳಾಡಿದೆ. ಅದು ತಪ್ಪಾ ಅಂತ ಕೇಳೋಕೆ ನಿಮ್ಮನೇಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಫೋನ್ ಹಿಡ್ಕೊಂಡು ಎದ್ದೋದ್ರಿ. ಮೂರನೇ ಸಲ ಅದು ಹೊಡ್ಕೊಂಡೇ ಇರ್ಲಿಲ್ಲ. ನೋಡ್ದೆ ನಾನು. ನೀವು ಕೇಳ್ದಿದ್ರೆ ಸಭೆಯೋರಾದ್ರೂ ಕೇಳ್ಲಿ ಅಂತ ಸಾಕ್ಷಿಗೆ ನಿಂತ್ಕೊಂತೀನಿ ಅಂದೆ."

ಅಯ್ಯ, ಸೊಣ್ಣಮ್ಮ ಸತ್ತಾಗ ನನಗೆ ಅಳು ಬಂದಿರಲಿಲ್ಲ, ಭಯ ಮಾತ್ರ ಬಂದಿತ್ತು. ನಿನ್ನೆ ಅಲ್ಲೇ ನೂಲಿನ ಮೂಟೆಯ ಮೇಲೆ ಕೂತು ಅತ್ತೆ. ಅವರೂ ಅತ್ತರು. ಆಮೇಲೆ ಕೋಪದಿಂದ ಹೇಳಿದರು: "ಪಿಕ್ಚರ್‌ಗೆ ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಮೂರು ತಿಂಗಳು ನನ್ನ ಮುಖ ನೋಡ್ದೆ ಓಡಾಡಿದ್ರಲ್ಲ, ಅದು ಇಳಿಯೋಕೆ ಟೈಮ್ ಬೇಕು." ಬೇಕೇ ಬೇಕು ಎಂದೆ. ಆ ಧ್ವನಿಯನ್ನು ಗುಂಪಿನಿಂದ ಅಳಿಸಿಬಿಡುತ್ತೇನೆ ಎಂದಾಗ ಗಾಬರಿಯಿಂದ ನನ್ನ ಕೈ ಹಿಡಿದರು. "ಬೇಡಿ ಬೇಡಿ. ಅದ್ರಲ್ಲಿ ಅವಳಿನ್ನೂ ಮುಂದಿನ ಭಾನುವಾರ ಬರೋಳು."

ಇವತ್ತು ಆರಾಧನೆಯಲ್ಲಿ ಅವರಿಗಿಂತ ಮೊದಲು ನಾನೇ ಹೇಳಿದೆ. ನಿಲುವಂಗಿ ಬಿಚ್ಚಿಟ್ಟು, ಕೆಳಗಿಳಿದು ನಿಂತು, ನನ್ನದಷ್ಟನ್ನು ಹೇಳಿದೆ. ಗೋಪಾಲಪ್ಪನವರು ಎದ್ದು, "ಅಯ್ಯನೋರು ಅವರದ್ದು ಹೇಳಿದ್ರು, ನಂದೊಂದು ಐತೆ" ಎಂದು ಅವರದ್ದನ್ನು ಹೇಳಿದರು. ಕಮಿಟಿ ಕಾರ್ಯದರ್ಶಿ ಇದನ್ನು ಬಿಷಪ್‌ಗೆ ತಿಳಿಸಲೇಬೇಕಾಗುತ್ತದೆ ಎಂದರು. ತಿಳಿಸಲಿ. ಇಬ್ಬರು ನನ್ನ ಕೈ ಕುಲುಕದೆ ಹೋದರು. ವಾಣಿಶ್ರೀ ದೂರದಲ್ಲೇ ನಿಂತಿದ್ದಳು, ಹತ್ತಿರ ಬರಲಿಲ್ಲ. ಅವಳ ಮನೆಗೆ ನಾನು ಬೇರೆಯಾಗಿ ಹೋಗಬೇಕು.

ಪ್ರಮೋದಾ ಮಾತ್ರ ಬಾಗಿಲಲ್ಲಿ ಕೈಯೊಡ್ಡಿದರು. "ಸೋಮವಾರ ಸೋಮವಾರ ಆ ಫೋನ್ ನಮ್ಮನೇಲಿರ್ಲಿ. ಯಾವ ಥಿಯೇಟರ್, ಯಾವ ಸೀಟು ಅಂತ ಬರೆದಿಟ್ಟು ಹೋಗಿ. ಸಾಯೋ ಹಂಗಿರೋರು ಕರೆದ್ರೆ ಬಂದು ಎಳ್ಕೊಂಡು ಬರ್ತೀನಿ. ಕೆಮ್ಮು ನೆಗಡಿಗೆಲ್ಲ ಪ್ರಾರ್ಥನೆ ನಾವೇ ಮಾಡ್ತೀವಿ, ನಮಗೂ ಬಾಯೈತೆ."

ವರ್ಗದ ಅರ್ಜಿ ಹರಿದುಹಾಕಿದೆ. ಈಗ ಇದನ್ನು ಮುಗಿಸಿ ಮಲಗುತ್ತೇನೆ. ಮಧ್ಯಾಹ್ನ ಎರಡೂವರೆ, ಮಗ್ಗದ ಸದ್ದಿಲ್ಲ.

ನಿಮ್ಮ
ಸುನಿಲ್


ದೊಡ್ಡಬಳ್ಳಾಪುರ
7 ಅಕ್ಟೋಬರ್ 2025

ಪ್ರೀತಿಯ ಅಯ್ಯ,

ಬಿಷಪ್ ಇದೇ ಹದಿನಾರಕ್ಕೆ ಬಂದು ಕಾಣಲು ಹೇಳಿದ್ದಾರೆ. ಭಯವಿದೆ, ಆದರೆ ಅನ್ನ ಸೇರುತ್ತಿದೆ.

ನಿನ್ನೆ ಸೋಮವಾರ. ಪ್ರಮೋದಾ ಅವರಿಗೆ ಫೋನ್ ಕೊಟ್ಟು, ಸೀಟಿನ ನಂಬರ್ ಬರೆದುಕೊಟ್ಟು, ಬಸ್ ಸ್ಟ್ಯಾಂಡಿಗೆ ಹೋದರೆ ಅಲ್ಲಿ ಗೋಪಾಲಪ್ಪನವರು ಇಸ್ತ್ರಿ ಶರ್ಟು ಹಾಕಿಕೊಂಡು ನಿಂತಿದ್ದರು. ಶೆಡ್ಡಿಗೆ ರಜೆ ಹಾಕಿದ್ದರಂತೆ. "ನಾನೂ ಬರ್ತೀನಿ. ಸೊಣ್ಣಿ ಬದುಕಿದ್ದಾಗ ಕರ್ಕೊಂಡು ಹೋಗು ಅಂತಿದ್ಲು, ಎರಡೇ ಸಲ ಹೋಗಿದ್ದು" ಎಂದರು. ಸಂಘಮಿತ್ರ ಕಟ್ಟಿಕೊಟ್ಟ ಚಿತ್ರಾನ್ನವನ್ನು ಹೊಸಕೋಟೆಯಲ್ಲಿ ಇಳಿದು ಇಬ್ಬರೂ ತಿಂದೆವು.

ಇಂಟರ್‌ವಲ್‌ವರೆಗೆ ಎಚ್ಚರವಿದ್ದೆ. ಇವತ್ತಾದರೂ ಕೊನೆಯವರೆಗೆ ನೋಡಬೇಕೆಂದು ಕಣ್ಣಿಗೆ ನೀರು ಹಾಕಿಕೊಂಡು ಬಂದೆ. ಆಗಲಿಲ್ಲ. ಎಚ್ಚರವಾದಾಗ ದೀಪ ಹತ್ತಿತ್ತು, ಜನ ಹೋಗಿಯಾಗಿತ್ತು, ಕಸ ಗುಡಿಸುವವರು ಬಂದಿದ್ದರು. ಪಕ್ಕದಲ್ಲಿ ಗೋಪಾಲಪ್ಪನವರು ಸುಮ್ಮನೆ ಕೂತಿದ್ದರು. ನನ್ನ ತಲೆ ಅವರ ಹೆಗಲ ಮೇಲಿತ್ತು. ಆ ಕಡೆಯ ತೋಳು ಮರಗಟ್ಟಿದೆಯೆಂದು ಉಜ್ಜಿಕೊಂಡರು.

"ಎಬ್ಬಿಸ್ಬೇಕು ಅಂತ ಎರಡು ಸಲ ಅನ್ನಿಸ್ತು ಅಯ್ಯನೋರೆ, ಬಿಟ್ಬಿಟ್ಟೆ" ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಇಂಟರ್‌ವಲ್ ಆದಮೇಲಿನ ಕಥೆಯನ್ನು ಅವರೇ ಹೇಳಿದರು. ದೇವನಹಳ್ಳಿ ದಾಟಿದ ಮೇಲೆ ಕಥೆಯನ್ನು ಒಂದು ಕಡೆ ನಿಲ್ಲಿಸಿ, ಸೊಣ್ಣಿ ಇದ್ದಿದ್ರೆ ಈ ಜಾಗದಲ್ಲಿ ಅಳೋಳು ಎಂದರು. ಆಗ ತೊಡೆಯ ಹತ್ತಿರ ನಡುಗಿದಂತಾಗಿ ನಾನು ಜೇಬಿಗೆ ಕೈ ಹಾಕಿದೆ. ಜೇಬು ಖಾಲಿಯಿತ್ತು. ಕೈ ತೆಗೆದು, ಆಮೇಲೆ ಏನಾಯ್ತು ಹೇಳಿ ಎಂದೆ.

ನಿಮ್ಮ
ಸುನಿಲ್